ಆರನೇ ಲೋಟದ ಈರುಳ್ಳಿ

ಮನೆಯಿಂದ, ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು
ಸೋಮವಾರ, ನನ್ನ ವಾರದ ರಜೆ, ಹನ್ನೆರಡನೇ ತಾರೀಖು, ಬೆಳಿಗ್ಗೆ ಏಳೂವರೆ

ಪ್ರೀತಿಯ ಅತ್ತೆಗೆ, ನಿಮ್ಮ ಸೊಸೆಯ ನಮಸ್ಕಾರ.

ಮೊದಲು ನಿಮ್ಮ ಆರೋಗ್ಯದ ವಿಷಯ. ಮಂಡಿ ನೋವು ಹೇಗಿದೆ? ಚಿಕ್ಕತ್ತೆಯ ಮನೆಗೆ ಹದಿನೆಂಟು ಮೆಟ್ಟಿಲು, ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀರೋ ಎಂಬುದೇ ನನಗೆ ಚಿಂತೆ. ಹಳದಿ ಮಾತ್ರೆ ಊಟಕ್ಕೆ ಮೊದಲು, ಬಿಳಿಯದು ಊಟ ಆದಮೇಲೆ. ನೀವು ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು ಕೆಲಸ ಮುಗಿಸುವವರು, ಅದಕ್ಕೇ ಮತ್ತೆ ಬರೆದೆ. ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಮಾಡಿದಾಗಲೆಲ್ಲ ನೀವು ‘ಹಾಂ, ಚೆನ್ನಾಗಿದೀನಿ, ತಗೋ ಇವಳ ಹತ್ರ ಮಾತಾಡು’ ಎಂದು ಚಿಕ್ಕತ್ತೆಯ ಕೈಗೆ ದಾಟಿಸಿಬಿಡುತ್ತೀರಿ. ಕಾಗದವನ್ನಾದರೆ ಹಾಗೆ ದಾಟಿಸಲಾಗುವುದಿಲ್ಲ. ಹೆಚ್ಚೆಂದರೆ ಹರಿದು ಹಾಕಬಹುದು, ಅದೂ ಓದಿದ ಮೇಲೆ. ಚಿಕ್ಕತ್ತೆ ಮೊನ್ನೆ ಒಂದು ಮಾತು ಹೇಳಿದರು. ನೀವು ಈಗ ಲೋಟಕ್ಕೆ ನೀರು ಬಗ್ಗಿಸುವಾಗಲೂ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿಯುತ್ತೀರಂತೆ. ಅವರ ಮಹಡಿಯ ಮೇಲಿನ ಹೂಕುಂಡದ ಮಣ್ಣು ಬದಲಾಯಿಸಿಕೊಡು ಎಂದರೆ, ‘ನನ್ನ ಕೈಯಲ್ಲಿ ಇನ್ನೇನೂ ಹುಟ್ಟಲ್ಲ, ಬೇರೆ ಯಾರನ್ನಾದ್ರೂ ಕರಿ’ ಅಂದಿರಂತೆ. ಅದನ್ನು ಕೇಳಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ಈ ಕಾಗದ ಬರೆಯುತ್ತಿರುವುದು ಅದಕ್ಕೇ.

ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಎಂದರೆ ಇಬ್ಬರು. ನಿಮ್ಮ ಮಗನಿಗೆ ಅಂಗಡಿಯಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ. ಶಾಲೆ ತೆರೆಯುವ ಕಾಲ, ಅರವತ್ತು ಜೊತೆ ಯೂನಿಫಾರಂ ಹೊಲಿಯುವುದಿದೆ. ಊರವರ ಅಂಗಿಗೆಲ್ಲ ಗುಂಡಿ ಹಚ್ಚುವ ಮನುಷ್ಯನ ಅಂಗಿಯಲ್ಲೇ ಎರಡು ಗುಂಡಿ ಇಲ್ಲ. ನೀವಿದ್ದಿದ್ದರೆ ಅದಕ್ಕೂ ನನಗೇ ಬೈಯುತ್ತಿದ್ದಿರಿ. ಮನೆಯಲ್ಲಿ ಬೈಯುವವರಿಲ್ಲದೆ ಹೊತ್ತೇ ಹೋಗುತ್ತಿಲ್ಲ, ಇದನ್ನು ತಮಾಷೆಗೆ ಹೇಳುತ್ತಿಲ್ಲ. ನನ್ನ ಪಾಳಿ ಬದಲಾಗಿದೆ, ಈಗ ಬೆಳಿಗ್ಗೆ ಎಂಟರಿಂದ ನಾಲ್ಕು. ಕೆಲಸ ಮಾತ್ರ ಅದೇ: ನಲ್ಲಿ, ಬಾಗಿಲ ಹಿಡಿ, ಟವೆಲ್ ಹಾಕುವ ಸರಳು ಇವನ್ನೆಲ್ಲ ಲೇಪ ಹತ್ತಲೆಂದು ಕೊಕ್ಕೆಗೆ ಸಿಕ್ಕಿಸಿ ಮೊದಲು ತಾಮ್ರದ ನೀರಿನ ತೊಟ್ಟಿಗೆ, ಆಮೇಲೆ ನಿಕ್ಕಲ್ ತೊಟ್ಟಿಗೆ, ಕೊನೆಗೆ ಹೊಳಪಿನ ತೊಟ್ಟಿಗೆ ಇಳಿಸುವುದು, ಎತ್ತುವುದು, ತೊಳೆಯುವುದು. ಸಂಜೆ ಮನೆಗೆ ಬಂದು ಹಿತ್ತಿಲಿಗೆ ಹೋಗುತ್ತೇನೆ. ನೀವು ಮಡಿಸಿಟ್ಟು ಹೋದ ಗೋಣಿಚೀಲ ಅಲ್ಲೇ ಇದೆ, ಅದರ ಮೇಲೆ ಯಾರೂ ಕೂತಿಲ್ಲ.

ಇನ್ನು ಸಸಿಯ ವಿಷಯ. ಅಂದು ನಡೆದದ್ದನ್ನು ನೀವು ಮರೆತಿರುವುದಿಲ್ಲ, ಆದರೂ ನಾನು ನನ್ನ ಬಾಯಿಂದ ಒಮ್ಮೆ ಹೇಳಬೇಕು. ಇಪ್ಪತ್ತಾರು ವರ್ಷದಿಂದ ಈ ಹಿತ್ತಿಲಲ್ಲಿ ಸಸಿ ಎಬ್ಬಿಸುತ್ತಿರುವವರು ನೀವು. ಪಾರ್ಕಿನ ಚೆಂಡುಹೂವೆಲ್ಲ ನಿಮ್ಮ ಕೈಯಿಂದಲೇ ಹೋಗಿದ್ದು. ಈ ವರ್ಷ ಮಾತ್ರ ಮೊಳಕೆ ಬಂದದ್ದು ಬಂದ ಹಾಗೇ ನಿಂತಿತು. ಎರಡೆಲೆ ಬಿಟ್ಟು ಮೂರನೆಯದಕ್ಕೆ ಹಳದಿ ತಿರುಗಿತು, ಮಧ್ಯಾಹ್ನವಾದರೆ ಕತ್ತು ಬಗ್ಗಿಸಿತು. ನೀವು ‘ಬಾಯಾರಿಕೆ ಆಗಿದೆ ಪಾಪ’ ಎನ್ನುತ್ತ ನೀರು ಹಾಕಿದಿರಿ. ಇನ್ನೂ ಬಾಡಿತು, ಇನ್ನೂ ಹಾಕಿದಿರಿ. ಪಾರ್ಕಿನ ಮೇಸ್ತ್ರಿ ಬಂದು ಟ್ರೇ ನೋಡಿ ಮುಖ ಸಪ್ಪೆ ಮಾಡಿದ ದಿನ ಮೊದಲು ಮಾತು ತೆಗೆದವರು ನೀವೇ, ಅದನ್ನೂ ಬರೆದುಬಿಡುತ್ತೇನೆ. ‘ಇವಳು ಟ್ರೇ ಮುಟ್ಟೋಕೆ ಶುರು ಮಾಡಿದ ಮೇಲೇ ಹೀಗಾಗ್ತಿರೋದು, ಇವಳ ಕೈಗುಣ ಸರಿ ಇಲ್ಲ’ ಅಂದಿರಿ. ಒಂದು ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ, ನಾನೂ ಸುಮ್ಮನಿರಲಿಲ್ಲ. ‘ನನ್ನ ಕೈಗುಣ ಹಾಗಿರಲಿ, ನಿಮ್ಮ ಕೈ ನಡುಗುತ್ತೆ ಅತ್ತೆ. ಚಿಟಿಕೆ ಗೊಬ್ಬರ ಅಂತ ಹಿಡಿ ಗೊಬ್ಬರ ಬೀಳುತ್ತೆ, ನಿಮಗೇ ಗೊತ್ತಾಗಲ್ಲ’ ಅಂದೆ. ಮೇಸ್ತ್ರಿಯ ಎದುರಿಗೇ ಅಂದೆ. ಪಕ್ಕದ ಮನೆಯವರು ಬಟ್ಟೆ ಒಣಹಾಕುವುದನ್ನು ಬಿಟ್ಟು ಗೋಡೆಯ ಮೇಲಿಂದ ನೋಡುತ್ತಿದ್ದರು. ನಿಮ್ಮ ಮಗ ಒಳಗಿನಿಂದ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಬಂದು, ‘ಅಮ್ಮ, ಸಾಕು ಬಿಡು, ವಯಸ್ಸಾಯ್ತು, ಇನ್ನು ರೆಸ್ಟ್ ತಗೋ’ ಎಂದು ಬೆಂಕಿಗೆ ತುಪ್ಪ ಸುರಿದರು. ನೀವು ಅಂಗೈ ತಿರುಗಿಸಿ ನೋಡಿಕೊಂಡಿರಿ, ಮಣ್ಣು ಒರೆಸಿಕೊಂಡಿರಿ, ಒಳಗೆ ಹೋದಿರಿ. ಮರುದಿನ ಬೆಳಿಗ್ಗೆ ಚೀಲ ತಯಾರಾಗಿತ್ತು. ನೀವು ನನಗೆ ನಾಲ್ಕು ಬಾರಿಸಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ನೀವು ಹೋದಮೇಲೆ ಉಳಿದ ಟ್ರೇಗಳ ಜವಾಬ್ದಾರಿ ನನ್ನ ತಲೆಗೆ ಬಂತು. ಗೊಬ್ಬರದ ಡಬ್ಬಿಯನ್ನು ಕಪಾಟಿನ ಮೇಲೆ ಎತ್ತಿಟ್ಟೆ, ಒಂದು ಕಾಳೂ ಹಾಕಲಿಲ್ಲ. ನೀರು ಮಾತ್ರ ಅಳತೆ ಮಾಡಿ, ಒಂದು ಟ್ರೇಗೆ ಒಂದು ಲೋಟದಂತೆ ಹಾಕಿದೆ. ಆದರೂ ಬಾಡಿದವು. ಮಣ್ಣು ಮುಟ್ಟಿದರೆ ಒದ್ದೆ, ಗಿಡ ನೋಡಿದರೆ ಮೂರು ದಿನದ ಉಪವಾಸ. ನೀವು ತೊಳೆದ ಮರಳಿನಲ್ಲಿ ಮೊಳೆಯಿಸಿದ ಚೆಂಡುಹೂವೇ ಎಲ್ಲಕ್ಕಿಂತ ಕೆಟ್ಟದಾಗಿ ಹೋಗಿತ್ತು. ಎಲೆಗೊಬ್ಬರ ಬೆರೆಸಿದ ಟ್ರೇಯ ಟೊಮೇಟೊ ಹೇಗೋ ಉಸಿರು ಹಿಡಿದುಕೊಂಡಿತ್ತು. ಇದನ್ನು ನಮ್ಮ ಕಾರ್ಖಾನೆಯ ಲ್ಯಾಬಿನ ಅಕ್ಕನ ಹತ್ತಿರ ಹೇಳಿದೆ. ನಿಮಗೆ ಅವರು ಗೊತ್ತು, ಕಾರ್ಖಾನೆಯಿಂದ ಹೊರಗೆ ಬಿಡುವ ನೀರನ್ನು ಪರೀಕ್ಷೆ ಮಾಡುವವರು, ಒಮ್ಮೆ ಮನೆಗೆ ಬಂದು ನಿಮ್ಮಿಂದ ಎರಡು ಬದನೆ ಸಸಿ ಒಯ್ದವರು. ಅವರು ಡಬ್ಬಿ ಬಿಚ್ಚಿ ಊಟ ಮಾಡುತ್ತಲೇ, ‘ಒಂದು ಗಿಡ ಕಿತ್ತು ಬೇರು ನೋಡಿದೆಯಾ?’ ಎಂದರು. ಇಲ್ಲ ಅಂದೆ. ‘ಎಲೆ ನೋಡಿ ಬೇರಿನ ಕಾಯಿಲೆ ಕಂಡುಹಿಡೀತೀನಿ ಅಂದ್ರೆ, ಅಂಗಿ ನೋಡಿ ಹೊಟ್ಟೆನೋವಿಗೆ ಮದ್ದು ಕೊಟ್ಟ ಹಾಗೆ’ ಅಂದರು. ಆಮೇಲೆ ಅವರೇ ಒಂದು ಉಪಾಯ ಹೇಳಿಕೊಟ್ಟರು. ಅದಕ್ಕೆ ಬೇಕಾದದ್ದು ಈರುಳ್ಳಿ, ಲೋಟ, ಐದು ದಿನದ ತಾಳ್ಮೆ. ಮೊದಲನೆಯ ಎರಡು ಮನೆಯಲ್ಲಿದ್ದವು.

ಆರು ಈರುಳ್ಳಿ ಆರಿಸಿದೆ, ಎಲ್ಲವೂ ಒಂದೇ ಗಾತ್ರ. ಬುಡದ ಒಣಗಿದ ಹಳೆಯ ಬೇರನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ತೆಗೆದೆ. ಆರು ಗಾಜಿನ ಲೋಟದ ಬಾಯಿಯ ಮೇಲೆ ಒಂದೊಂದು ಕೂರಿಸಿ, ಬುಡ ಮಾತ್ರ ನೀರಿಗೆ ತಾಗುವ ಹಾಗೆ ಇಟ್ಟೆ. ಮೊದಲನೇ ಲೋಟಕ್ಕೆ ಅಡುಗೆಮನೆಯ ನಲ್ಲಿ ನೀರು. ಎರಡನೆಯದಕ್ಕೆ ಹೊಸ ಮರಳು ನೆನೆಸಿ ಬಸಿದ ನೀರು. ಮೂರನೆಯದಕ್ಕೆ ಎಲೆಗೊಬ್ಬರದ್ದು. ನಾಲ್ಕನೆಯದಕ್ಕೆ ನಿಮ್ಮ ಡಬ್ಬಿಯ ಗೊಬ್ಬರ, ಅದೂ ಚಿಟಿಕೆಯಲ್ಲ, ನಾನು ಆವತ್ತು ಹೇಳಿದ ಹಾಗೆ ಹಿಡಿಯ ಲೆಕ್ಕದಲ್ಲೇ. ಐದನೆಯದಕ್ಕೆ ಸತ್ತ ಚೆಂಡುಹೂವಿನ ಟ್ರೇಯ ಮರಳು ನೆನೆಸಿದ ನೀರು. ಒಂದು ಲೋಟ ಖಾಲಿ ಉಳಿದಿತ್ತು, ಇರಲಿ ಎಂದು ಅದಕ್ಕೆ ನಾವು ಟ್ರೇಗೆ ಹಾಕುತ್ತಿದ್ದ ಹಿತ್ತಿಲ ನೀಲಿ ಡ್ರಮ್ಮಿನ ನೀರು ಹಾಕಿದೆ. ಎಲ್ಲವನ್ನೂ ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟು, ಚೀಟಿ ಅಂಟಿಸಿದೆ. ನಿಮ್ಮ ಮಗ ಅರೆನಿದ್ದೆಯಲ್ಲಿ ಎದ್ದು ಬಂದು ನಾಲ್ಕನೇ ಲೋಟವನ್ನು ಈರುಳ್ಳಿ ತೆಗೆದಿಟ್ಟು ಬಾಯಿಗೆ ಹಿಡಿದಿದ್ದರು. ನಾನು ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿತು. ಈಗ ಬೀದಿಯಲ್ಲಿ ನಾವಿಬ್ಬರೂ ಜಗಳವಾಡುತ್ತೇವೆ ಎಂದು ಸುದ್ದಿ.

ಸತ್ಯ ಹೇಳಬೇಕೆಂದರೆ ನಾಲ್ಕನೇ ಲೋಟ ಸೋಲಲಿ ಎಂದು ಕಾಯುತ್ತಿದ್ದೆ. ಅದು ಕೆಟ್ಟರೆ ನನ್ನ ಮಾತು ನಿಜವಾಗುತ್ತಿತ್ತು. ಐದನೇ ದಿನ ಸಂಜೆ ಹೊಲಿಗೆ ಟೇಪು ಹಿಡಿದು ಅಳೆದೆ. ನಲ್ಲಿ ನೀರಿನದಕ್ಕೆ ಎರಡು ಅಂಗುಲದ ಬಿಳಿ ಬೇರು, ಒಂದು ಹಿಡಿಯಷ್ಟು. ಮರಳಿನದು, ಎಲೆಗೊಬ್ಬರದ್ದು ಅಷ್ಟೇ ಚೆನ್ನಾಗಿದ್ದವು. ನಿಮ್ಮ ಗೊಬ್ಬರದ್ದು ಅರ್ಧ ಅಂಗುಲ ಕಡಿಮೆ, ಆದರೆ ಬೆಳ್ಳಗೆ, ನೆಟ್ಟಗೆ, ಗಟ್ಟಿಯಾಗಿ ಇತ್ತು. ಹಿಡಿಗಟ್ಟಲೆ ಹಾಕಿದರೂ ಅದು ಕೊಲ್ಲಲಿಲ್ಲ ಅತ್ತೆ. ಐದನೆಯ ಮತ್ತು ಆರನೆಯ ಲೋಟದಲ್ಲಿ ಟೇಪಿಗೆ ಕೆಲಸವೇ ಇರಲಿಲ್ಲ. ಅಕ್ಕಿಕಾಳಿನಷ್ಟು ಹೊರಗೆ ಬಂದು ನಿಂತುಬಿಟ್ಟಿದ್ದವು, ತುದಿ ದಪ್ಪಗೆ, ಕಂದು ಬಣ್ಣ, ಕೆಲವು ಮೀನಿನ ಗಾಳದ ಹಾಗೆ ಸೊಟ್ಟ. ಕೆಡುವುದರಲ್ಲಿ ಡ್ರಮ್ಮಿನ ನೀರಿನದು ಟ್ರೇಯ ನೀರಿನದಕ್ಕಿಂತ ಒಂದು ಕೈ ಮೇಲು. ನನಗೆ ನಂಬಿಕೆಯಾಗಲಿಲ್ಲ. ಈರುಳ್ಳಿಯೇ ಕೆಟ್ಟದ್ದಿರಬೇಕು ಎಂದು ಹೊಸ ಆರನ್ನು ತಂದು, ಲೋಟಗಳನ್ನು ಅದಲುಬದಲು ಮಾಡಿ, ಮತ್ತೆ ಐದು ದಿನ ಕಾದೆ. ಮತ್ತೆ ಅದೇ. ಎರಡನೇ ಸಲ ಅಳೆಯುವಾಗ ನಿಮ್ಮ ಮಗನನ್ನೂ ಕರೆದೆ. ಅವರು ಟೇಪು ಹಿಡಿದು, ಗಿರಾಕಿಯ ತೋಳಿನ ಅಳತೆ ಬರೆದುಕೊಳ್ಳುವ ಗಾಂಭೀರ್ಯದಲ್ಲಿ ಎಲ್ಲವನ್ನೂ ಬರೆದುಕೊಂಡರು. ಕೊನೆಗೆ ‘ಅಂದ್ರೆ ಅಮ್ಮನ ಗೊಬ್ಬರದ್ದೇನೂ ತಪ್ಪಿಲ್ಲ’ ಅಂದರು. ಇಲ್ಲ ಅಂದೆ. ಅವರು ಆ ದಿನ ಅಂಗಡಿಗೆ ತಡವಾಗಿ ಹೋದರು.

ಮರುದಿನ ಒಂದು ಒಳ್ಳೆಯ, ಒಂದು ಕೆಟ್ಟ ಬೇರಿನ ಈರುಳ್ಳಿಯನ್ನೂ ಒಂದು ಬಾಡಿದ ಸಸಿಯನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಂದು ಸೀಸೆಯಲ್ಲಿ ಡ್ರಮ್ಮಿನ ನೀರು ತುಂಬಿ ಲ್ಯಾಬಿಗೆ ಒಯ್ದೆ. ಅಕ್ಕ ಭೂತಗನ್ನಡಿಯ ಕೆಳಗೆ ಇಟ್ಟು ನನಗೂ ತೋರಿಸಿದರು. ಒಳ್ಳೆಯ ಬೇರಿನ ತುದಿ ಚೂಪಾಗಿದೆ, ಅದರ ಸ್ವಲ್ಪ ಹಿಂದೆ ಮಗುವಿನ ಕೆನ್ನೆಯ ಮೇಲಿನಂಥ ಸಣ್ಣ ಕೂದಲು. ನೀರು ಕುಡಿಯುವುದು ಆ ಕೂದಲಿನಿಂದಂತೆ. ನಮ್ಮ ಚೆಂಡುಹೂವಿನ ಬೇರಿಗೆ ಒಂದೂ ಕೂದಲಿಲ್ಲ, ಬೋಳು. ತುದಿ ಬೆಳೆಯುವುದನ್ನು ನಿಲ್ಲಿಸಿದ್ದಕ್ಕೆ ಪಕ್ಕದಿಂದ ನಾಲ್ಕಾರು ಮೋಟು ಬೇರು ಒತ್ತಾಗಿ ಹುಟ್ಟಿ, ಅವೂ ಅಲ್ಲೇ ನಿಂತಿವೆ. ಡ್ರಮ್ಮಿನ ನೀರಿಗೆ ಒಂದು ಕಾಗದದ ಪಟ್ಟಿ ಅದ್ದಿದರು, ಅದರ ಬಣ್ಣ ಕೊನೆಯ ಗೀಟನ್ನೂ ದಾಟಿತು. ‘ತಾಮ್ರ’ ಅಂದರು. ನಾನು ದಿನಕ್ಕೆ ಎಂಟು ಗಂಟೆ ಅದರ ಮುಂದೆಯೇ ನಿಲ್ಲುವವಳು. ಗಿಡಕ್ಕೆ ತಾಮ್ರ ಬೇಡವೇ ಬೇಡ ಅಂತೇನಿಲ್ಲವಂತೆ. ಬೇಕು, ಆದರೆ ಅಡುಗೆಯ ಉಪ್ಪಿಗಿಂತಲೂ ಎಷ್ಟೋ ಕಡಿಮೆ ಬೇಕು. ಅತಿಯಾದರೆ ಅಮೃತವೂ ವಿಷ ಅಂತಾರಲ್ಲ, ಹಾಗೆ. ‘ಹೊಸ ಜೀವಕಣ ಹುಟ್ಟೋದು ಬೇರಿನ ತುದೀಲಿ. ತಾಮ್ರ ಹೋಗಿ ಮೊದ್ಲು ಕೂರೋದೂ ಅಲ್ಲೇ. ಬೇರು ಉದ್ದ ಆಗೋದು ನಿಲ್ಲುತ್ತೆ, ಕೂದಲು ಸಾಯುತ್ತೆ, ಕಾಲ ಕೆಳಗೆ ನೀರಿದ್ರೂ ಗಿಡ ಕುಡಿಯೋಕಾಗಲ್ಲ. ಕಬ್ಬಿಣದ ಅಂಶ ಎಳಕೊಳ್ಳೋಕೂ ಬಿಡಲ್ಲ, ಅದಕ್ಕೇ ಎಲೆ ಹಳದಿ’ ಎಂದು ಅಕ್ಕ ವಿವರಿಸಿದರು. ನೀವು ಬಾಯಾರಿದೆ ಅಂದಿದ್ದು ಸರಿಯೇ ಇತ್ತು ಅತ್ತೆ. ಅದು ನಿಜವಾಗಿಯೂ ಬಾಯಾರಿತ್ತು. ನಾವು ಕೊಟ್ಟ ನೀರೇ ಅದರ ಬಾಯಿ ಕಟ್ಟುತ್ತಿತ್ತು, ನೀವು ಕರುಣೆಯಿಂದ ಹೆಚ್ಚು ಹಾಕಿದಷ್ಟೂ ಹೆಚ್ಚು ಕಟ್ಟಿತು. ಮರಳಿಗೆ ತಾಮ್ರವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇಲ್ಲ, ಇದ್ದದ್ದೆಲ್ಲ ಬೇರಿಗೇ ಹೋಗುತ್ತದೆ. ಎಲೆಗೊಬ್ಬರ ಅದರಲ್ಲಿ ಅಷ್ಟಿಷ್ಟನ್ನು ತನ್ನಲ್ಲೇ ಕಟ್ಟಿಹಾಕಿಕೊಳ್ಳುತ್ತದೆ, ಟೊಮೇಟೊ ಉಳಿದದ್ದು ಹಾಗೆ. ಡ್ರಮ್ಮಿನ ನೀರು ಯಾರಾದರೂ ಕುಡಿದಿದ್ದೀರಾ ಎಂದು ಅಕ್ಕ ಎರಡು ಸಲ ಕೇಳಿದರು. ಗಿಡಕ್ಕೆ, ಮಣ್ಣಿನ ಕೈ ತೊಳೆಯುವುದಕ್ಕೆ ಬಿಟ್ಟು ಬೇರೇನಕ್ಕೂ ಮುಟ್ಟಿಲ್ಲ ಅಂದೆ. ನೀವು ಅದರಲ್ಲಿ ಕೈ ತೊಳೆದದ್ದಕ್ಕೆ ಹೆದರುವುದು ಬೇಡವಂತೆ.

ಸಂಜೆ ನಿಮ್ಮ ಮಗ, ನಾನು ಸೇರಿ ಡ್ರಮ್ ಖಾಲಿ ಮಾಡಿ ಮಲಗಿಸಿ ಟಾರ್ಚ್ ಹಾಕಿ ನೋಡಿದೆವು. ಡ್ರಮ್ಮಿನ ನಲ್ಲಿ ಇರುವುದು ತಳದಿಂದ ನಾಲ್ಕು ಬೆರಳು ಮೇಲೆ. ಅದರ ಕೆಳಗಿನ ನೀರು ಯಾವಾಗಲೂ ಅಲ್ಲೇ ನಿಲ್ಲುವುದು, ಕೈಯೂ ತಲುಪುವುದಿಲ್ಲ. ತಳದ ಅಂಚಿನ ಸುತ್ತ ಬೆರಳು ದಪ್ಪದ ಹೆಪ್ಪು ಕಟ್ಟಿತ್ತು, ಹಸಿರು ಬೆರೆತ ನೀಲಿ. ಡ್ರಮ್ಮೂ ನೀಲಿ, ಆದ್ದರಿಂದ ಮೇಲಿಂದ ಇಣುಕಿದರೆ ಕಾಣುತ್ತಲೇ ಇರಲಿಲ್ಲ. ಬೇಸಿಗೆಯಲ್ಲಿ ನಲ್ಲಿ ನೀರು ಕಡಿಮೆಯಾಗಿ ನಾವು ಅರ್ಧ ಡ್ರಮ್ ತುಂಬುತ್ತಿದ್ದೆವಲ್ಲ, ಆಗ ಅಷ್ಟೇ ತಾಮ್ರ ಅರ್ಧ ನೀರಿಗೆ ಇಳಿಯುತ್ತಿತ್ತು. ನಾಲ್ಕು ತಿಂಗಳ ಹಿಂದೆ ಆ ಡ್ರಮ್ಮನ್ನು ಕಾರ್ಖಾನೆಯಿಂದ ತಂದವಳು ನಾನು. ಖಾಲಿ ಡ್ರಮ್ ಬೇಕಾದವರು ಒಯ್ಯಬಹುದು ಅಂದರು, ತಂದೆ. ಒಳಗೆ ಇಂಥದ್ದು ಉಳಿದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಿಮ್ಮ ಮಗ ‘ಗೊತ್ತಿಲ್ದೆ ಆದ ತಪ್ಪಿಗೆ ಯಾರೇನು ಮಾಡೋಕಾಗುತ್ತೆ ಬಿಡು’ ಎಂದು ನನ್ನ ಬೆನ್ನು ತಟ್ಟಿದರು. ನೀವು ನನ್ನ ಕೈಗುಣ ಸರಿಯಿಲ್ಲ ಅಂದಿರಲ್ಲ, ಆ ಲೆಕ್ಕಕ್ಕೆ ನಿಮ್ಮ ಮಾತೇ ಗೆದ್ದಿತು. ಡ್ರಮ್ಮನ್ನು ಕಾರ್ಖಾನೆಗೇ ವಾಪಸು ಕೊಟ್ಟೆವು. ಆ ಮರಳನ್ನು ಚರಂಡಿಗೆ ಹಾಕಬಾರದು ಎಂದು ಅಕ್ಕ ಹೇಳಿದ್ದರಿಂದ ಆರು ಚೀಲದಲ್ಲಿ ಕಟ್ಟಿ, ಕಾರ್ಖಾನೆಯ ಕೆಸರು ಗುಂಡಿಗೆ ಹೋಗುವ ಗಾಡಿಗೆ ಹಾಕಿಸಿದೆ. ಗಾಡಿಯವರು ಗೊಣಗಿದರು, ಅವರ ಮಗಳ ಲಂಗ ಬೇಗ ಹೊಲಿದುಕೊಡುವುದಾಗಿ ನಿಮ್ಮ ಮಗ ಒಪ್ಪಿಕೊಂಡ ಮೇಲೆ ಸುಮ್ಮನಾದರು.

ಉಳಿದದ್ದು ಟೊಮೇಟೊ ಮೂವತ್ತೆಂಟು, ಚೆಂಡುಹೂ ಒಂಬತ್ತು. ಅವುಗಳ ಬೇರನ್ನು ನಲ್ಲಿ ನೀರಿನಲ್ಲಿ ಮೂರು ಸಲ ಆಡಿಸಿ, ಹೊಸ ಮಣ್ಣಿಗೆ ಎಲೆಗೊಬ್ಬರ ಹೆಚ್ಚಾಗಿ ಸೇರಿಸಿ, ಒಂದಿಷ್ಟು ಸುಣ್ಣದ ಪುಡಿ ಬೆರೆಸಿ ನೆಟ್ಟಿದ್ದೇನೆ. ನೆಟ್ಟು ಒಂದು ವಾರವಾಯಿತು. ನಿನ್ನೆ ಒಂದನ್ನು ಎತ್ತಿ ನೋಡಿದೆ, ಮೋಟು ಬೇರಿನ ಮೇಲ್ಗಡೆಯಿಂದ ಒಂದು ಬಿಳಿ ಎಳೆ ಹೊರಟಿದೆ. ಉಳಿದೆಲ್ಲ ನನ್ನ ಕೈಕೆಲಸ, ನೀವು ನೋಡಿದರೆ ನಗುತ್ತೀರಿ. ಅರ್ಧದಷ್ಟು ಗಿಡಗಳು ವಾಲಿಕೊಂಡು ನಿಂತಿವೆ. ನೀವು ಗುಂಡಿ ತೋಡುವುದು ಯಾವ ಬೆರಳಿನಿಂದ? ನಾನು ಹೆಬ್ಬೆರಳು ಒತ್ತಿದೆ, ಅದು ದೊಡ್ಡದಾಯಿತು, ಮಣ್ಣು ಕುಸಿಯಿತು. ಹನ್ನೊಂದು ವರ್ಷ ನಿಮ್ಮ ಪಕ್ಕ ನಿಂತು ನೋಡಿದ್ದೇನೆ, ಇಷ್ಟು ಸಣ್ಣ ವಿಷಯ ಕಣ್ಣಿಗೆ ಬಿದ್ದಿಲ್ಲ. ಮೊನ್ನೆ ಮೇಸ್ತ್ರಿ ಬಂದಿದ್ದರು. ಅವರ ಮುಂದೆ ಎಲ್ಲವನ್ನೂ ಹೇಳಿದೆ: ಅಮ್ಮನ ಗೊಬ್ಬರದ್ದಲ್ಲ, ಕೈಯದ್ದಲ್ಲ, ನಾನು ತಂದ ಡ್ರಮ್ಮಿನದ್ದು. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು, ‘ಅದೆಲ್ಲ ಸರಿ, ಅಮ್ಮ ಯಾವಾಗ ಬರ್ತಾರೆ?’ ಎಂದರು. ಪಾರ್ಕಿಗೆ ಆರುನೂರು ಚೆಂಡುಹೂ ಮುಂದಿನ ತಿಂಗಳ ಕೊನೆಗೆ ಬೇಕು, ಅಂದರೆ ಬೀಜ ಈ ವಾರ ಬೀಳಬೇಕು. ಬೇರೆ ಕಡೆಯವರು ಕೊಡಲು ತಯಾರಿದ್ದಾರಂತೆ. ಬರುವ ಶನಿವಾರದವರೆಗೆ ಕಾಯುತ್ತೇನೆ ಎಂದು ಹೇಳಿ ಹೋದರು. ನೀನೇ ಬಿತ್ತು ಎಂದು ನನಗೆ ಬಾಯುಪಚಾರಕ್ಕೂ ಹೇಳಲಿಲ್ಲ. ಒಳ್ಳೆಯದೇ ಆಯಿತು. ಬೀಜದ ಡಬ್ಬಿ ನಿಮ್ಮ ಕಪಾಟಿನಲ್ಲೇ ಇದೆ, ಬೀಗದ ಕೈ ನೀವೇ ಒಯ್ದಿದ್ದೀರಿ.

ಚಿಕ್ಕತ್ತೆಗೆ ನನ್ನ ನಮಸ್ಕಾರ ತಿಳಿಸಿ, ಅವರ ಬೆನ್ನುನೋವಿಗೆ ಹೇಳಿದ ಎಣ್ಣೆ ನಿಮ್ಮ ಮಗ ತಂದಿಟ್ಟಿದ್ದಾರೆ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳಿ. ನಮ್ಮಿಬ್ಬರ ಮೇಲೂ ನಿಮ್ಮ ಆಶೀರ್ವಾದ ಇರಲಿ, ಬೈಗುಳವೂ ಇರಲಿ.

ಇಂತಿ ನಿಮ್ಮ ಬಾಯಿಬಡುಕಿ ಸೊಸೆ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದು ತೆರೆದಿದ್ದೇನೆ. ಅಂಚೆ ತೆಗೆಯುವವರು ಒಂಬತ್ತಕ್ಕೆ ಬರುತ್ತಾರೆ, ಅಕ್ಷರ ಓಡುತ್ತಿದೆ, ಕ್ಷಮಿಸಿ. ಮೇಲೆ ಡ್ರಮ್ಮಿನ ವಿಷಯ ಗೊತ್ತಿರಲಿಲ್ಲ ಎಂದು ಬರೆದಿದ್ದೇನೆ, ಅದು ಸುಳ್ಳು. ಡ್ರಮ್ಮಿಗೆ ಕೆಂಪು ಚೀಟಿ ಅಂಟಿಸಿದ್ದರು, ನೀರು ತುಂಬಲು ಬಳಸಬಾರದು ಎಂದು. ಸ್ಟೋರಿನವರು ಬಾಯಲ್ಲೂ ಹೇಳಿದ್ದರು. ಮೂರು ಸಲ ತೊಳೆದರೆ ಸಾಕು ಎಂದುಕೊಂಡು ಚೀಟಿಯನ್ನು ನಾನೇ ಕೆರೆದು ತೆಗೆದೆ. ಅದನ್ನು ನೋಡಿದರೆ ನೀವು ಬೇಡ ಎನ್ನುತ್ತಿದ್ದಿರಿ. ನಾನು ತಂದದ್ದು ಯಾವುದೂ ನಿಮಗೆ ಹಿಡಿಸಿದ್ದಿಲ್ಲ, ಆ ಡ್ರಮ್ ನೋಡಿ ಮಾತ್ರ ‘ಒಳ್ಳೇ ಕೆಲ್ಸ ಮಾಡ್ದೆ ಕಣೇ’ ಅಂದಿರಿ. ಹನ್ನೊಂದು ವರ್ಷದಲ್ಲಿ ಅದೊಂದೇ ಸಲ. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಮೊದಲ ಟ್ರೇ ಬಾಡಿದ ದಿನವೇ ನನ್ನ ಕಣ್ಣು ಡ್ರಮ್ಮಿನ ಕಡೆಗೆ ಹೋಗಿತ್ತು. ಆರನೇ ಲೋಟಕ್ಕೆ ಇರಲಿ ಎಂದು ನೀರು ಹಾಕಿದ್ದೂ ಅಲ್ಲ, ಎಲ್ಲಕ್ಕಿಂತ ಮೊದಲು ತುಂಬಿಸಿದ್ದು ಅದನ್ನೇ, ತಪ್ಪು ಇದರದ್ದಲ್ಲ ಅಂತಾಗಲಪ್ಪ ದೇವರೇ ಎಂದು ಬೇಡಿಕೊಂಡು. ಮೇಸ್ತ್ರಿಯ ಎದುರು ನೀವು ನನ್ನ ಕೈ ತೋರಿಸಿದಾಗ ಹೆದರಿಕೊಂಡೆ, ಬಾಯಿಗೆ ಬಂದದ್ದನ್ನು ನಿಮ್ಮ ಮೇಲೆ ಎಸೆದೆ. ನಿಮ್ಮ ಮಗನಿಗೆ ಇದನ್ನು ಈಗಷ್ಟೇ ಹೇಳಿದೆ, ತಿಂಡಿ ಅರ್ಧಕ್ಕೇ ಬಿಟ್ಟು ಅಂಗಡಿಗೆ ಹೋದರು. ಗುರುವಾರ ರಜೆ ಹಾಕಿದ್ದೇನೆ, ಬೆಳಗಿನ ಬಸ್ಸಿಗೆ ಬಂದು ಚಿಕ್ಕತ್ತೆಯ ಮುಂದೆ, ಅವರ ಕಟ್ಟಡದವರು ಯಾರಿದ್ದಾರೋ ಅವರ ಮುಂದೆಯೂ, ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನನ್ನ ಜೊತೆ ಬರುವುದು ಬಿಡುವುದು ನಿಮ್ಮ ಇಷ್ಟ. ಅಲ್ಲಿಯವರೆಗೆ ತಂಬಿಗೆಯನ್ನು ಒಂದೇ ಕೈಯಲ್ಲಿ ಹಿಡಿಯಿರಿ ಅತ್ತೆ. ನಿಮ್ಮ ಕೈ ನಡುಗಿದ್ದನ್ನು ನಾನು ಒಂದು ದಿನವೂ ನೋಡಿಲ್ಲ.